ಸಿಮೆಂಟ್ ಅಚ್ಚು, ಕಾಗದದ ಪಲ್ಪ್, ಅಮ್ಮನ ಹಿಮ್ಮಡಿ

ಮಣ್ಣಿನಲ್ಲಿ ಮಾಡಿದ ಗುರುತನ್ನು ಸಿಮೆಂಟ್ ಅಚ್ಚಿಗೆ, ಅಲ್ಲಿಂದ ಪಲ್ಪ್‌ಗೆ, ಅಂದರೆ ನೆನೆಸಿ ಅರೆದ ಕಾಗದಕ್ಕೆ, ಇಳಿಸುವ ನನ್ನ ಕಾಲೇಜು ಕೆಲಸದ ಕಥೆ ಇದು. ಕೆಲಸ ಮಾಡಿದ ಜಾಗ ಚಿಕ್ಕಮಗಳೂರು ಕಡೆಯ ಆಲ್ದೂರಿನ ಹತ್ತಿರ ನಮ್ಮ ಮನೆ ಹಿಂದಿನ ಸೌದೆ ಕೊಟ್ಟಿಗೆ. ಕಾಲೇಜು ಹಾಸನದಲ್ಲಿ. ನಾನು ಬಿವಿಎ (ದೃಶ್ಯಕಲೆಯ ಪದವಿ) ಕೊನೇ ವರ್ಷ, ಪ್ರಿಂಟ್‌ಮೇಕಿಂಗ್, ಅಂದರೆ ಅಚ್ಚಿನಿಂದ ಚಿತ್ರ ತೆಗೆಯುವ ಕಲೆ. ಡಿಸೆಂಬರ್ ಕೊನೆಯಲ್ಲಿ ಶುರು ಮಾಡಿದೆ, ಇನ್ನೂ ಮುಗಿದಿಲ್ಲ. ಸ್ಕೆಚ್‌ಬುಕ್‌ನಲ್ಲಿ ದಿನದಿನ ಗೀಚಿಟ್ಟಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಅಳತೆಗಳನ್ನೂ ಕೊಟ್ಟಿದ್ದೇನೆ. ಪ್ರಿಂಟ್ ಒತ್ತುವ ಪ್ರೆಸ್ ಇಲ್ಲದ ಊರಲ್ಲಿ ಕೂತವರೂ ಇದನ್ನು ಮಾಡಬಹುದು.

ಶುರುವಿನ ಹದಿನಾಲ್ಕು ಪುಟ

ನಮಗೆ ಕೊಟ್ಟ ಕೆಲಸ ಇಷ್ಟೇ. ಒಬ್ಬ ಕಲಾವಿದರನ್ನು ಆರಿಸಿಕೊಳ್ಳಿ, ಅವರಿಂದ ಏನು ಕಲಿತಿರಿ ಅನ್ನೋದು ನಿಮ್ಮ ಕೆಲಸದಲ್ಲಿ ಕಾಣಲಿ. ನಾನು ಸೋಮನಾಥ ಹೋರ್ ಅವರನ್ನು ಆರಿಸಿಕೊಂಡೆ. 1921ರಲ್ಲಿ ಚಿತ್ತಗಾಂಗ್ ಕಡೆ ಹುಟ್ಟಿದವರು. 1943ರ ಬಂಗಾಳದ ಕ್ಷಾಮವನ್ನು ಕಣ್ಣಾರೆ ಕಂಡು ಚಿತ್ರ ಬರೆದವರು. ಮುಂದೆ ಶಾಂತಿನಿಕೇತನದ ಕಲಾಭವನದಲ್ಲಿ ಗ್ರಾಫಿಕ್ಸ್ ವಿಭಾಗ, ಅಂದರೆ ಪ್ರಿಂಟ್‌ಮೇಕಿಂಗ್ ವಿಭಾಗ, ನೋಡಿಕೊಂಡರು. 1970ರ ದಶಕದಲ್ಲಿ ಅವರು ‘ಗಾಯಗಳು’ ಅಂತ ಒಂದು ಸರಣಿ ಮಾಡಿದರು. ಬಿಳಿ ಕಾಗದ, ಅದರಲ್ಲೇ ಸೀಳು, ಅದರಲ್ಲೇ ತೂತು. ಬಿಳಿಯ ಮೇಲೆ ಬಿಳಿ. ಮೊದಲ ಸಲ ಫೋಟೋದಲ್ಲಿ ನೋಡಿದಾಗಲೇ ನನಗೆ ಕೈ ಹಾಕಿ ಮುಟ್ಟಬೇಕು ಅನ್ನಿಸಿತ್ತು.

ಮೊದಲ ವಾರ ಹದಿನಾಲ್ಕು ಪುಟ ತುಂಬಿಸಿದೆ. ಅವರ ಚಿತ್ರಗಳ ಪ್ರಿಂಟ್ ತೆಗೆಸಿ ಅಂಟಿಸಿದೆ. ಬದುಕಿನ ವಿವರ ಬರೆದೆ. ಕೊನೇ ಪುಟದಲ್ಲಿ ‘ನನ್ನ ಐಡಿಯಾ: ಕಾಫಿ ಸಿಪ್ಪೆಯಿಂದ ಕಾಗದ ಮಾಡಿ ಅದರಲ್ಲಿ ಗಾಯ ತೋರಿಸುವುದು’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ.

ನಮಗೆ ಪಾಠ ಮಾಡುವ ಸರ್ ಎಲ್ಲ ಪುಟ ತಿರುವಿ ನೋಡಿದರು. ಎರಡೇ ಪ್ರಶ್ನೆ ಕೇಳಿದರು.

“ಕಾಫಿ ಯಾಕಮ್ಮ?”

“ನಮ್ಮೂರಿನದು ಸರ್.”

“ಸರಿ. ಇವರು ಕೆಲಸಕ್ಕೆ ಕೂತಾಗ ಮೊದಲು ಕೈಗೆ ಏನು ತಗೋತಿದ್ರು?”

ಗೊತ್ತಿರಲಿಲ್ಲ. ಹದಿನಾಲ್ಕು ಪುಟದಲ್ಲಿ ಎಲ್ಲೂ ಅದು ಇರಲಿಲ್ಲ.

ದಿನ 1ರಿಂದ 6: ಕಾಫಿ ಸಿಪ್ಪೆ

ಆದರೂ ಸಿಪ್ಪೆಯನ್ನು ಬಿಡೋಕೆ ಮನಸ್ಸಾಗಲಿಲ್ಲ. ಮಾಡಿಯೇ ನೋಡೋಣ ಅಂತ ಒಂದು ಬಕೆಟ್ ಒಣ ಸಿಪ್ಪೆ ತಂದು, ಬಟ್ಟೆ ಸೋಡಾ ಹಾಕಿ ಎರಡು ಗಂಟೆ ಬೇಯಿಸಿದೆ. ತೊಳೆದು ಮಿಕ್ಸಿಗೆ ಹಾಕಿದೆ. ಕಂದು ಬಣ್ಣದ ಹಿಟ್ಟಿನ ಥರ ಆಯಿತು. ಬಟ್ಟೆ ಮೇಲೆ ಹರಡಿ ಒಣಗಿಸಿ ಎತ್ತಿದರೆ ಹಪ್ಪಳದ ಹಾಗೆ ಮುರಿಯಿತು.

ಕಾರಣ ಸರಳ. ಕಾಗದ ನಿಲ್ಲುವುದು ನಾರಿನ ಬಲದಿಂದ. ನಾರುಗಳು ನೀರಿನಲ್ಲಿ ಅಡ್ಡಾದಿಡ್ಡಿ ಹೆಣೆದುಕೊಂಡು, ಒಣಗುವಾಗ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಸಿಪ್ಪೆ ಅರೆದರೆ ಸಿಗುವುದು ಪುಡಿ. ಹಿಡಿದುಕೊಳ್ಳೋಕೆ ಅದಕ್ಕೆ ಕೈಯೇ ಇಲ್ಲ. ಅರ್ಧಕ್ಕರ್ಧ ಕಾಗದ ಬೆರೆಸಿ ನೋಡಿದೆ. ಹಾಳೆ ನಿಂತಿತು, ಆದರೆ ನಾಲ್ಕನೇ ದಿನಕ್ಕೆ ಬೂಸ್ಟು ಬಂತು. ಅಲ್ಲಿಗೆ ಬಿಟ್ಟೆ.

ನಮ್ಮ ಕಡೆಯಿಂದ ಹೋದವರೆಲ್ಲ ಮೊದಲು ಕೈ ಹಾಕುವುದು ಕಾಫಿಗೇ. ನಾನೂ ಹಾಗೇ ಮಾಡಿದೆ. ಕಾಫಿ ಬಗ್ಗೆ ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ, ಬರೀ ಊರಿನ ಹೆಸರು ಅಂಟಿಸಿಕೊಂಡಿದ್ದೆ.

ದಿನ 7: ನಾಲ್ಕು ಸಾಲು

ಸರ್ ಕೇಳಿದ ಎರಡನೇ ಪ್ರಶ್ನೆಗೆ ಅವತ್ತು ಉತ್ತರ ಹುಡುಕಲು ಕೂತೆ. ಮುಗಿದ ಚಿತ್ರವನ್ನು ಪಕ್ಕಕ್ಕಿಟ್ಟು, ಅದು ಚಿತ್ರ ಆಗುವ ಮುಂಚೆ ಏನೇನು ನಡೆಯಿತು ಅಂತ ಸಾಲಾಗಿ ಬರೆಯುವುದು. ಹೋರ್ ಅವರ ಕ್ರಮ ನಾಲ್ಕೇ ಸಾಲಿಗೆ ಮುಗಿಯಿತು. ಮಣ್ಣನ್ನು ಹಾಳೆಯ ಹಾಗೆ ಹಾಸುವುದು. ಅದನ್ನು ಸೀಳುವುದು, ಚುಚ್ಚುವುದು. ಅದರ ಮೇಲೆ ಸಿಮೆಂಟ್ ಸುರಿದು ಅಚ್ಚು ತೆಗೆಯುವುದು. ಆ ಅಚ್ಚಿಗೆ ಕಾಗದದ ಪಲ್ಪ್ ಒತ್ತಿ ಒಣಗಿಸುವುದು.

ಬರೆದು ನೋಡಿದಾಗ ಒಂದು ವಿಷಯ ಹೊಳೆಯಿತು. ಅವರು ಗಾಯದ ಚಿತ್ರ ಬರೆದಿಲ್ಲ. ಮಣ್ಣಿಗೆ ನಿಜವಾಗಿ ಗಾಯ ಮಾಡಿದ್ದಾರೆ. ಲಾರಿ ಚಕ್ರ ಕಿತ್ತ ರಸ್ತೆ, ಏಟು ತಿಂದ ಮರ, ಚಾಕು ಇರಿತಕ್ಕೆ ಬಿದ್ದ ಮನುಷ್ಯ, ಸುತ್ತ ಎಲ್ಲಿ ನೋಡಿದರೂ ತಮಗೆ ಗಾಯವೇ ಕಂಡಿತು ಅಂತ ಅವರು ಹೇಳಿಕೊಂಡಿದ್ದರು. ಮೊದಲ ವಾರ ಅದನ್ನು ಓದಿದ್ದೆ, ಬರೆದುಕೊಂಡೂ ಇದ್ದೆ. ಈ ನಾಲ್ಕು ಸಾಲು ಬರೆದ ಮೇಲೆಯೇ ಅದು ಅರ್ಥ ಆಗಿದ್ದು.

ನಮ್ಮ ಬ್ಯಾಚ್‌ನಲ್ಲಿ ಉಳಿದವರೂ ಇದೇ ದಾರಿಗೆ ಬಂದರು. ಒಬ್ಬ ಪ್ರಿಂಟ್ ಕಲಾವಿದ ಕೃಷ್ಣ ರೆಡ್ಡಿ ಅವರನ್ನು ಆರಿಸಿಕೊಂಡಿದ್ದ. ಪ್ಯಾರಿಸ್‌ನಲ್ಲಿ ಹೇಟರ್ ಅವರ ‘ಅಟೆಲಿಯೆ 17’ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಾ, ಒಂದೇ ಪ್ಲೇಟಿನಿಂದ ಹಲವು ಬಣ್ಣ ಒಟ್ಟಿಗೆ ತೆಗೆಯುವ ವಿಸ್ಕಾಸಿಟಿ (ಇಂಕಿನ ಮಂದತನ) ವಿಧಾನವನ್ನು ಬೆಳೆಸಿದವರು ಅವರು. ಒಂದು ಇಂಕಿಗೆ ಎಣ್ಣೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಗಟ್ಟಿ ರೋಲರ್ ಪ್ಲೇಟಿನ ಮೇಲ್ಭಾಗವನ್ನು ಮಾತ್ರ ಮುಟ್ಟುತ್ತದೆ, ಮೆತ್ತಗಿನದು ಹಳ್ಳಕ್ಕೂ ಇಳಿಯುತ್ತದೆ. ಅವನು ಒಂದು ವಾರ ಚಿತ್ರವನ್ನೇ ಮಾಡಲಿಲ್ಲ. ಇಂಕಿಗೆ ಅಗಸೆ ಎಣ್ಣೆ ಹನಿಹನಿ ಬೆರೆಸಿ, ಯಾವುದು ಯಾವುದನ್ನು ತಳ್ಳುತ್ತದೆ ಅಂತ ನೋಡುತ್ತಾ ಕೂತ. ಇನ್ನೊಬ್ಬಳು ಚಿತ್ರಕಾರ ಕೆ.ಕೆ. ಹೆಬ್ಬಾರರ ಗೆರೆಗಳನ್ನು ನಕಲು ಮಾಡುವುದು ನಿಲ್ಲಿಸಿ, ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕೂತು ಪೆನ್ನು ಎತ್ತದೆ ಜನರನ್ನು ಬರೆಯತೊಡಗಿದಳು. ಅವಳ ಆ ಪುಸ್ತಕ ನನಗೆ ತುಂಬಾ ಇಷ್ಟ.

ದಿನ 8: ಮಣ್ಣು, ಚೌಕಟ್ಟು

ಗಣಪತಿ ಮಾಡುವವರ ಹತ್ತಿರ 8 ಕೆಜಿ ಜೇಡಿಮಣ್ಣು ತಗೊಂಡೆ. ರೀಪರ್ ಪಟ್ಟಿಯಿಂದ (ಸಪೂರ ಮರದ ಪಟ್ಟಿ) ಒಳಗಡೆ 12×9 ಇಂಚು, ಎತ್ತರ 3 ಇಂಚು ಬರುವ ಹಾಗೆ ಚೌಕಟ್ಟು. ಮೊಳೆ ಹೊಡೆಯಬೇಡಿ, ಸ್ಕ್ರೂ ಹಾಕಿ. ಆಮೇಲೆ ಬಿಚ್ಚುವಾಗ ಏಟು ಬೀಳಬಾರದು. ತಳಕ್ಕೆ ಪ್ಲೈವುಡ್, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಮಣ್ಣಿನ ಎರಡು ಬದಿಗೆ 1 ಇಂಚಿನ ಪಟ್ಟಿ ಇಟ್ಟು ಲಟ್ಟಣಿಗೆ ಓಡಿಸಿದರೆ ದಪ್ಪ ಸಮ ಬರುತ್ತದೆ.

ಆಮೇಲೆ ಚಾಕು ತಗೊಂಡು ಸೀಳಿದೆ. ನೋಡೋಕೆ ಚೆನ್ನಾಗಿತ್ತು. ಹೋರ್ ಅವರದ್ದರ ಹಾಗೇ ಇತ್ತು.

ದಿನ 9: ಬೇಲೂರಿನಲ್ಲಿ ಇಳಿದಿದ್ದು

ಹಾಸನದಿಂದ ಚಿಕ್ಕಮಗಳೂರಿನ ಬಸ್ಸು ಬೇಲೂರಿನ ಮೇಲೆ ಬರುತ್ತದೆ. ಮಣ್ಣಿನ ಹಾಳೆಯನ್ನು ಒದ್ದೆ ಬಟ್ಟೆ ಸುತ್ತಿ ತೊಡೆ ಮೇಲೆ ಇಟ್ಟುಕೊಂಡು ಊರಿಗೆ ಹೊರಟಿದ್ದೆ. ಸಂಜೆ ನಾಲ್ಕೂವರೆ. ಸುಮ್ನೆ ಇಳಿದುಬಿಟ್ಟೆ.

ಚೆನ್ನಕೇಶವ ದೇವಸ್ಥಾನವನ್ನು ಚಿಕ್ಕಂದಿನಿಂದ ನೋಡಿದ್ದೇನೆ. 1117ರ ಕೆಲಸ. ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಅದಕ್ಕೇ ಅಷ್ಟು ಸಣ್ಣ ಕೆತ್ತನೆ ಸಾಧ್ಯ ಆಯಿತು. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಅಲ್ಲಿ ತಮ್ಮ ಹೆಸರನ್ನೂ ಕೆತ್ತಿದ್ದಾರೆ. ಅವತ್ತು ನಾನು ನೋಡಿದ್ದು ನೆರಳನ್ನು ಮಾತ್ರ. ಇಡೀ ಗೋಡೆ ಒಂದೇ ಬಣ್ಣ. ಬೇರೆ ಬಣ್ಣ ಎಲ್ಲೂ ಇಲ್ಲ. ಆದರೆ ಮದನಿಕೆಯ ಮೇಲಿನ ಬಳ್ಳಿಯ ಹಿಂದೆ ಎಷ್ಟು ಆಳಕ್ಕೆ ಕೊರೆದಿದ್ದಾರೆ ಅಂದರೆ, ಆ ಜಾಗ ಕಪ್ಪು ಬಳಿದ ಹಾಗೇ ಕಾಣುತ್ತದೆ. ಬಿಸಿಲು ಓರೆಯಾದಷ್ಟೂ ಗೋಡೆ ಎದ್ದು ಬರುತ್ತದೆ.

ನನ್ನ ಮಣ್ಣಿನ ಸೀಳು 2 ಮಿ.ಮೀ. ಆಳ ಇತ್ತು. ಬಿಳಿ ಕಾಗದದಲ್ಲಿ ಅದು ಕಾಣುವುದೇ ಇಲ್ಲ ಅಂತ ಅಲ್ಲೇ ಗೊತ್ತಾಯಿತು. ಮನೆಗೆ ಹೋಗಿ ರಾತ್ರಿ ಕೊಟ್ಟಿಗೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು, ಒಂದೊಂದೇ ಸೀಳನ್ನು 5-6 ಮಿ.ಮೀ.ಗೆ ಇಳಿಸಿದೆ. ಒಂದು ಎಚ್ಚರ. ಸೀಳು ಮೇಲೆ ಅಗಲ, ಕೆಳಗೆ ಸಪೂರ ಇರಬೇಕು. ಒಳಗೆ ಹೋಗ್ತಾ ಅಗಲವಾದರೆ ಕಾಗದ ಅಚ್ಚಿಗೆ ಕಚ್ಚಿಕೊಂಡು ಹರಿಯುತ್ತದೆ.

ದಿನ 10: ಸಿಮೆಂಟ್

ಪಕ್ಕದ ಮನೆಯ ಗಾರೆ ಮೇಸ್ತ್ರಿಗಳನ್ನು ಕೇಳಿದೆ. “ಒಂದಕ್ಕೆ ಎರಡು ಹಾಕು ಪುಟ್ಟಿ. ಮರಳನ್ನ ಜರಡಿ ಹಿಡಿ” ಅಂದರು. 2 ಕೆಜಿ ಸಿಮೆಂಟ್, 4 ಕೆಜಿ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು). ಒಂದೂವರೆ ಇಂಚು ದಪ್ಪ ಬರುತ್ತದೆ.

ಇಲ್ಲಿ ಎರಡು ತಪ್ಪು ಮಾಡಿದೆ. ಗಟ್ಟಿಯಾಗಿ ಕಲಸಿದ್ದನ್ನು ನೇರ ಮಣ್ಣಿನ ಮೇಲೆ ಸುರಿದೆ. ಸೀಳಿನ ಒಳಗೆ ಗಾಳಿ ಸಿಕ್ಕಿಕೊಂಡು ಅಚ್ಚಿನ ತುಂಬಾ ಗುಳ್ಳೆಯ ಗುಂಡಿ ಬಂತು. ಎರಡನೆಯದು, ಸೆಂಟ್ರಿಂಗ್ ಹಲಗೆಗೆ ಬಳಿಯುವ ಹಾಗೆ ಚೌಕಟ್ಟಿಗೆ ವೇಸ್ಟ್ ಆಯಿಲ್ ಬಳಿದೆ. ಆ ಎಣ್ಣೆ ಸಿಮೆಂಟಿನ ಅಂಚಿಗೆ ಹತ್ತಿ, ಆಮೇಲೆ ಕಾಗದದ ಅಂಚು ಹಳದಿಯಾಯಿತು.

ಮತ್ತೆ ಮೊದಲಿನಿಂದ ಮಾಡಿದೆ. ಈ ಸಲ ಮೊದಲು ಸಿಮೆಂಟ್ ಹಾಲು, ಅಂದರೆ ಬರೀ ಸಿಮೆಂಟಿಗೆ ನೀರು ಬೆರೆಸಿ ಮಜ್ಜಿಗೆಯ ಹದಕ್ಕೆ ತಂದದ್ದು, ಅದನ್ನು ಬ್ರಷ್‌ನಿಂದ ಪ್ರತಿ ಸೀಳಿಗೂ ಇಳಿಸಿದೆ. ಅದರ ಮೇಲೆ ಗಾರೆ ಸುರಿದು, ಪ್ಲೈವುಡ್ಡಿನ ಅಡಿಯಿಂದ ಐದು ನಿಮಿಷ ಮೆತ್ತಗೆ ತಟ್ಟಿದೆ. ಚೌಕಟ್ಟಿಗೆ ಸೋಪಿನ ನೀರು ಬಳಿದರೆ ಸಾಕು. ಎರಡು ದಿನ ಬಿಟ್ಟು ಚೌಕಟ್ಟು ಬಿಚ್ಚಿ, ಮಣ್ಣನ್ನು ಹಳೇ ಟೂತ್‌ಬ್ರಷ್‌ನಿಂದ ತೊಳೆದು ತೆಗೆದೆ. ಆಮೇಲೆ ಒಂದು ವಾರ ಒದ್ದೆ ಗೋಣಿಚೀಲದ ಕೆಳಗೆ ಇಟ್ಟೆ.

ತಲೆ ತಿರುಗಿಸುವ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮುಂದೆ ಬೇಕಾಗುತ್ತದೆ. ಮಣ್ಣಿನಲ್ಲಿ ಹಳ್ಳ ಇದ್ದದ್ದು ಸಿಮೆಂಟಿನಲ್ಲಿ ದಿಣ್ಣೆ ಆಗುತ್ತದೆ. ಆ ದಿಣ್ಣೆ ಕಾಗದದಲ್ಲಿ ಮತ್ತೆ ಹಳ್ಳ ಆಗುತ್ತದೆ. ಅಂದರೆ ಕೊನೆಗೆ ಕೈಗೆ ಬರುವ ಕಾಗದ, ಮೊದಲು ಮಾಡಿದ ಮಣ್ಣಿನ ಹಾಗೇ ಇರುತ್ತದೆ.

ದಿನ 19: ಪಲ್ಪ್

ಪ್ರಿಂಟ್ ತೆಗೆಯುವ ಹತ್ತಿ ಕಾಗದದ ಕತ್ತರಿಸಿದ ಅಂಚುಗಳನ್ನು ಸ್ನೇಹಿತರಿಂದ ಒಂದು ವರ್ಷದಿಂದ ಕೂಡಿಹಾಕಿದ್ದೆ. ಸುಮಾರು 2 ಕೆಜಿ ಇತ್ತು. ಸ್ಟಾಂಪಿನಷ್ಟು ಚೂರು ಹರಿದು ರಾತ್ರಿ ನೆನೆಹಾಕಿ. ಮಿಕ್ಸಿಗೆ ಒಂದು ಸಲಕ್ಕೆ 10 ಗ್ರಾಂ ಕಾಗದ, ಮುಕ್ಕಾಲು ಲೀಟರ್ ನೀರು. ಬಿಟ್ಟು ಬಿಟ್ಟು ಒಟ್ಟು 40 ಸೆಕೆಂಡ್ ತಿರುಗಿಸಿ. ನೀರು ಕಡಿಮೆ ಹಾಕಿದರೆ ಮೋಟಾರ್ ಸುಟ್ಟ ವಾಸನೆ ಬರುತ್ತದೆ. 12×9 ಇಂಚಿನ ಒಂದು ಹಾಳೆಗೆ ಆರು ಜಾರ್ ಬೇಕು. ಹಳೇ ಪಂಚೆಯನ್ನು ಕತ್ತರಿಸಿ ಹಾಕೋಣ ಅಂದುಕೊಂಡಿದ್ದೆ, ದಾರ ಬ್ಲೇಡಿಗೆ ಸುತ್ತಿಕೊಂಡು ನಿಂತೇಹೋಯಿತು. ಬಟ್ಟೆ ಮಿಕ್ಸಿಗೆ ಬೇಡ.

ಹೊಸ ಸಿಮೆಂಟಿನಲ್ಲಿ ಸುಣ್ಣದ ಅಂಶ ಬಿಡುತ್ತಿರುತ್ತದೆ. ಮೊದಲ ಹಾಳೆಗೆ ಬೂದು ಪುಡಿ ಹತ್ತಿತು. ಅಚ್ಚನ್ನು ಮೂರು ದಿನ ನೀರು ಬದಲಿಸುತ್ತಾ ನೆನೆಸಿಟ್ಟು, ತೆಳು ವಿನೆಗರ್ ನೀರಿನಲ್ಲಿ ತೊಳೆದ ಮೇಲೆ ಸರಿಹೋಯಿತು.

ಅಚ್ಚು ಒದ್ದೆ ಇರುವಾಗಲೇ ಪಲ್ಪ್ ಸುರಿಯಬೇಕು. ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ಸ್ಪಾಂಜಿನಿಂದ ಒತ್ತಿ ನೀರು ಹೀರಿಸಿ, ಹಿಂಡಿ, ಮತ್ತೆ ಒತ್ತಿ. ಅರ್ಧ ಗಂಟೆಯ ಕೆಲಸ. ಅವಸರ ಮಾಡಿದರೆ ದಿಣ್ಣೆಯ ಪಕ್ಕ ಪಲ್ಪ್ ಕೂರುವುದಿಲ್ಲ. ಒಣಗಿಸುವುದು ನೆರಳಿನಲ್ಲೇ. ಬಿಸಿಲಿಗಿಟ್ಟರೆ ಅಂಚು ಮೊದಲು ಎದ್ದು ಹಾಳೆ ಸುರುಳಿಯಾಗುತ್ತದೆ. ಜನವರಿಯ ಒಣ ಗಾಳಿಗೆ ಎರಡೂವರೆ ದಿನ ಬೇಕಾಯಿತು. ಒಣಗಿದಾಗ ಕಾಗದ ಕುಗ್ಗಿ ತಾನೇ ಅಚ್ಚು ಬಿಡುತ್ತದೆ, ಕೀಳಬೇಕಾಗಿಲ್ಲ.

ಮೊದಲ ಒಳ್ಳೆ ಹಾಳೆಯನ್ನು ಹಾಸನಕ್ಕೆ ತಗೊಂಡು ಹೋದೆ. ಸರ್ ಕಿಟಕಿ ಹತ್ತಿರ ಓರೆ ಹಿಡಿದು ತುಂಬಾ ಹೊತ್ತು ನೋಡಿದರು. “ಕೆಲಸ ಶುದ್ಧವಾಗಿದೆ. ಇದು ಅವರ ಗಾಯ. ನೀನು ಎಲ್ಲಿ ನೋಡಿದೆ?” ಅಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಅಳು ಬಂತು. ಅವರು ಹೇಳಿದ್ದು ನಿಜವಾಗಿತ್ತು.

ದಿನ 26: ಜಾಕ್, ಬಿರುಕು

ಸ್ಪಾಂಜಿನಲ್ಲಿ ಒತ್ತುವುದು ನಿಧಾನ ಅನ್ನಿಸಿ, ವೆಲ್ಡಿಂಗ್ ಅಂಗಡಿಯಲ್ಲಿ ಆ್ಯಂಗಲ್ ಕಬ್ಬಿಣದ ಚೌಕಟ್ಟು ಮಾಡಿಸಿ, ವಾಹನ ಎತ್ತುವ 2 ಟನ್ನಿನ ಬಾಟಲ್ ಜಾಕ್ ಕೂರಿಸಿದೆ. ಮೂರನೇ ಸಲ ಹಿಡಿಕೆ ಒತ್ತಿದಾಗ ‘ಟಪ್’ ಅಂತ ಸದ್ದು. ಅಚ್ಚು ಮೂಲೆಯಿಂದ ಮೂಲೆಗೆ ಸೀಳಿತ್ತು.

ಮೇಸ್ತ್ರಿಗಳು ಬಂದು ನೋಡಿದರು. “ಸಿಮೆಂಟು ಭಾರ ಹೊರುತ್ತೆ, ಬಗ್ಗಲ್ಲ. ಒಳಗೆ ಕೋಳಿ ಮೆಶ್ ಹಾಕಿದ್ಯಾ?” ಆ ತಂತಿ ಬಲೆ ಹಾಕಿರಲಿಲ್ಲ. ಕೆಳಗಿನ ಹಲಗೆಯೂ ಮಟ್ಟ ಇರಲಿಲ್ಲ. ಪಲ್ಪ್ ನಡುವೆ ದಪ್ಪ, ಅಂಚಿಗೆ ತೆಳು ಇತ್ತು. ಎಲ್ಲ ಭಾರ ಒಂದೇ ಕಡೆ ಬಿದ್ದಿತ್ತು.

ರಿಪೇರಿ ಹೀಗೆ ಮಾಡಿದೆ. ಎರಡು ತುಂಡನ್ನು ಕೂಡಿಸಿ ಹಳೇ ಚೌಕಟ್ಟಿನೊಳಗೆ ಇಟ್ಟು, ಸುತ್ತ ಬೈಂಡಿಂಗ್ ವೈರ್ ಬಿಗಿದೆ. ಹಿಂಭಾಗಕ್ಕೆ ಮೆಶ್ ಹಾಸಿ ಅರ್ಧ ಇಂಚು ಗಾರೆ ಹಾಕಿದೆ. ಮುಂಭಾಗದ ಬಿರುಕನ್ನು ಮುಚ್ಚಲಿಲ್ಲ. ಮುಚ್ಚೋಕೆ ಹೋದರೆ ಪಕ್ಕದ ಸೀಳುಗಳೂ ಹಾಳಾಗುತ್ತಿದ್ದವು. ವಾರ ಬಿಟ್ಟು, ಜಾಕ್ ಇಲ್ಲದೆ, ಕೈಯಿಂದಲೇ ಒತ್ತಿ ಒಂದು ಹಾಳೆ ತೆಗೆದೆ.

ಆ ಹಾಳೆಯಲ್ಲಿ ನಾನು ಕೊಯ್ದ ಗಾಯಗಳೆಲ್ಲ ಒಳಕ್ಕೆ ಇಳಿದಿದ್ದವು. ಬಿರುಕಿನ ಒಳಗೆ ಪಲ್ಪ್ ಇಳಿದಿದ್ದರಿಂದ ಅದೊಂದು ಮಾತ್ರ ದಾರದ ಹಾಗೆ ಮೇಲಕ್ಕೆ ಎದ್ದಿತ್ತು. ಬೆರಳು ಓಡಿಸಿದೆ. ನನ್ನ ಮೊಣಕಾಲಿನಲ್ಲಿ ಚಿಕ್ಕಂದಿನ ಹೊಲಿಗೆಯ ಗುರುತಿದೆ, ಹಾಗೇ ಇತ್ತು. ಹಸಿ ಗಾಯ ತಗ್ಗು, ಮಾಗಿದ ಗಾಯ ಉಬ್ಬು. ನನಗೆ ಬೇಕಾಗಿದ್ದು ಆ ಎರಡನೆಯದು.

ಸರ್‌ಗೆ ಫೋಟೋ ಕಳಿಸಿದೆ. “ಇದನ್ನ ಬೇಕಂತಲೇ ಮಾಡೋಕೆ ಆಗುತ್ತಾ ನೋಡು” ಅಂತ ಉತ್ತರ ಬಂತು.

ದಿನ 35: ಕಣ

ಆ ಹೊತ್ತಿಗೆ ರೊಬಸ್ಟಾ ಕೊಯ್ಲು ನಡೀತಿತ್ತು. ಅಮ್ಮ ಎಸ್ಟೇಟಿನ ಕಣದಲ್ಲಿ ಕಾಫಿ ಹರವುವ ಕೆಲಸಕ್ಕೆ ಹೋಗುತ್ತಾರೆ. ನಾನು ಊಟದ ಡಬ್ಬಿ ಕೊಡೋಕೆ ಹೋದೆ. ಸಿಮೆಂಟಿನ ಕಣ, ಪ್ರತಿ ವರ್ಷ ಬಿರುಕು ಬಿಡುತ್ತದೆ, ಪ್ರತಿ ವರ್ಷ ಮೇಲೆ ಗಾರೆ ಎಳೆಯುತ್ತಾರೆ. ಎಳೆದ ಗಾರೆ ಉಬ್ಬಿ ನಿಂತಿರುತ್ತದೆ. ಅದರ ಮೇಲೆ ಅಮ್ಮ ಬರಿಗಾಲಲ್ಲಿ ಕಾಫಿ ಎಳೆಯುತ್ತಿದ್ದರು. ಹಿಮ್ಮಡಿ ಒಡೆದಿತ್ತು. ಪ್ರತಿ ರಾತ್ರಿ ಹರಳೆಣ್ಣೆ ಹಚ್ಚೋದನ್ನು ನೋಡುತ್ತಲೇ ಬೆಳೆದವಳು ನಾನು. ಅವತ್ತು ಮೊದಲ ಸಲ ಕಣವನ್ನೂ ಕಾಲನ್ನೂ ಒಟ್ಟಿಗೆ ನೋಡಿದೆ.

ಅಲ್ಲೇ ನಿಂತು ಲೆಕ್ಕ ಹಾಕಿದೆ. ಹಿಮ್ಮಡಿಯನ್ನು ಮೆತ್ತಗಿನ ಮಣ್ಣಿಗೆ ಒತ್ತಿದರೆ, ಬಿರುಕಿನ ಒಳಗೆ ಮಣ್ಣು ಏರುತ್ತದೆ. ಅಂದರೆ ಮಣ್ಣಿನಲ್ಲಿ ಬಿರುಕು ದಿಣ್ಣೆಯಾಗಿ ನಿಲ್ಲುತ್ತದೆ. ಕಾಗದ ಮಣ್ಣಿನ ಹಾಗೇ ಬರುವುದರಿಂದ ಅಲ್ಲೂ ದಿಣ್ಣೆಯೇ. ಚಾಕುವೇ ಬೇಡ.

ಅಮ್ಮನನ್ನು ಕೇಳಿದೆ. “ನನ್ನ ಕಾಲನ್ನ ಯಾರು ನೋಡ್ತಾರೆ ಪುಟ್ಟಿ?” ಅಂದರು. ಆಮೇಲೆ ಬಚ್ಚಲಿಗೆ ಹೋಗಿ ಕಲ್ಲಿನಿಂದ ಹಿಮ್ಮಡಿ ಉಜ್ಜಲು ಕೂತರು. ನಾನು ಓಡಿಹೋಗಿ ತಡೆದೆ. ತಡೆದ ಮೇಲೆ ಬೇಜಾರಾಯಿತು. ಅವರಿಗೆ ಅದು ತೋರಿಸುವ ವಸ್ತು ಆಗಿರಲಿಲ್ಲ, ಮುಚ್ಚಿಕೊಳ್ಳುವ ವಿಷಯ ಆಗಿತ್ತು. ಪಕ್ಕದಲ್ಲಿ ಕೂತು, ಬಿರುಕಿದ್ದ ಹಾಳೆಯನ್ನು ಅವರ ಕೈಗೆ ಕೊಟ್ಟು, ಯಾಕೆ ಬೇಕು ಅಂತ ಹೇಳಿದೆ. ಅವರು ಆ ಉಬ್ಬು ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. “ಹೆಸರು ಹಾಕಬೇಡ. ಕಾಲು ಬೇಕಾದ್ರೆ ತಗೋ” ಅಂದರು.

ದಿನ 37: ಎರಡನೇ ಅಚ್ಚು

ಮಣ್ಣಿನ ಹದ ಹಿಡಿಯೋದು ಕಷ್ಟ ಆಯಿತು. ಹಸಿ ಇದ್ದರೆ ಕಾಲಿಗೆ ಅಂಟಿ ಬರುತ್ತದೆ. ಲಟ್ಟಿಸಿ ಮೂರು ಗಂಟೆ ಬಿಟ್ಟು, ಬೆರಳು ಇಟ್ಟರೆ ಗುರುತು ಬೀಳಬೇಕು, ಅಂಟಬಾರದು, ಆ ಹೊತ್ತಿಗೆ ಒತ್ತಿಸಿದೆ. ಅಮ್ಮ ನನ್ನ ಹೆಗಲು ಹಿಡಿದು ನಿಂತರು. ಮೊದಲ ಸಲ ಕಾಲು ಜರುಗಿ ಗುರುತು ಎರಡಾಯಿತು. ಎರಡನೇ ಸಲ ಭಾರ ಸಾಲಲಿಲ್ಲ. ಮೂರನೇ ಸಲ ಉಸಿರು ಬಿಗಿಹಿಡಿದು ನಿಂತು, ನೇರ ಮೇಲಕ್ಕೆ ಎತ್ತಿದರು. ಟಾರ್ಚ್ ಹಿಡಿದು ನೋಡಿದರೆ ಕೂದಲೆಳೆಯಷ್ಟು ಸಣ್ಣ ಗೆರೆಯೂ ನಿಂತಿತ್ತು.

ಸಿಮೆಂಟ್ ಹಾಲನ್ನು ಈ ಸಲ ಬ್ರಷ್ ಮುಟ್ಟಿಸದೆ ಚಮಚದಿಂದ ಹನಿಸಿದೆ, ಸಣ್ಣ ಗೆರೆ ಮುರಿಯಬಾರದು ಅಂತ. ನಡುವೆ ಕೋಳಿ ಮೆಶ್. ಏಳು ದಿನ ಗೋಣಿಚೀಲ. ಮೂರು ದಿನ ನೀರಿನಲ್ಲಿ.

ಇದುವರೆಗೆ ಐದು ಹಾಳೆ ತೆಗೆದಿದ್ದೇನೆ. ಎರಡರಲ್ಲಿ ಸಣ್ಣ ಗೆರೆಗಳು ಬಂದಿಲ್ಲ, ಪಲ್ಪ್ ಒರಟಾಗಿತ್ತು. ಮಿಕ್ಸಿಯಲ್ಲಿ 40ರ ಬದಲು 70 ಸೆಕೆಂಡ್ ತಿರುಗಿಸಿದ ಮೇಲೆ ಮೂರು ಹಾಳೆ ಚೆನ್ನಾಗಿ ಬಂದಿವೆ. ಬಿರುಕು ಬಿಟ್ಟ ಮೊದಲ ಅಚ್ಚಿನ ಹಾಳೆಗಳನ್ನು ನಾನು ಡಿಸ್‌ಪ್ಲೇಗೆ ಇಡುವುದಿಲ್ಲ. ಅವು ಸ್ಕೆಚ್‌ಬುಕ್‌ನಲ್ಲಿ ಇರುತ್ತವೆ, ಜ್ಯೂರಿಯಲ್ಲಿ, ಅಂದರೆ ಕೆಲಸ ನೋಡಿ ಅಂಕ ಕೊಡುವ ಪರೀಕ್ಷೆಯಲ್ಲಿ, ಕೇಳಿದರೆ ತೋರಿಸುತ್ತೇನೆ.

ಬೆಳಕು

ಡಿಸ್‌ಪ್ಲೇ ಹಾಲಿನಲ್ಲಿ ಮೇಲೆ ಟ್ಯೂಬ್‌ಲೈಟುಗಳಿವೆ. ಅದರ ಕೆಳಗೆ ಹಾಳೆ ಖಾಲಿ ಕಾಣುತ್ತದೆ. ಪರೀಕ್ಷೆಗೆ ಒಂದು 5 ವ್ಯಾಟ್ ಎಲ್‌ಇಡಿಯನ್ನು ಗೋಡೆಗೆ ಹತ್ತಿರ, ಹಾಳೆಯ ಎಡಬದಿಗೆ ಒಂದು ಅಡಿ ದೂರದಲ್ಲಿ ಇಟ್ಟು ನೋಡಿದೆ. ಹಿಮ್ಮಡಿಯ ತಗ್ಗು ತುಂಬಾ ನೆರಳು ತುಂಬಿತು, ಗೆರೆಗಳು ಒಂದೊಂದಾಗಿ ಎದ್ದವು. ಆ ಮೂಲೆಯ ಟ್ಯೂಬ್‌ಲೈಟ್ ಆರಿಸೋಕೆ ಒಪ್ಪಿಗೆ ಕೇಳಿದ್ದೇನೆ.

ಮೊನ್ನೆ ಅಮ್ಮ ಕೊಟ್ಟಿಗೆಗೆ ಬಂದು ಒಣಗುತ್ತಿದ್ದ ಹಾಳೆ ನೋಡಿದರು. “ಇದು ಕಣದ ಮೂಲೆ ಥರ ಇದೆಯಲ್ಲ” ಅಂದರು. ನಾನು ಏನೂ ಹೇಳಿಕೊಟ್ಟಿರಲಿಲ್ಲ. ಆಮೇಲೆ, ಅವರ ಜೊತೆ ಕೆಲಸ ಮಾಡುವ ಇನ್ನಿಬ್ಬರು ತಮ್ಮ ಕಾಲೂ ಕೊಡುತ್ತೇವೆ ಅಂದಿದ್ದಾರೆ ಅಂತ ತಿಳಿಸಿದರು. ಮಣ್ಣು ಸಾಲದು. ಭಾನುವಾರ ಹಾಸನದಿಂದ ಇನ್ನೂ 8 ಕೆಜಿ ತರಬೇಕು.